ಗದ್ದೆಗೆ ಬಂದ ಟಿಲ್ಲರ್ ತೋಟದಲ್ಲಿ ಉಳಿದ ಕಥೆ



ಇವತ್ತು ರಾಜರಿಲ್ಲ, ಯುದ್ಧ ಇಲ್ಲ, ಶಾಸನವೂ ಇಲ್ಲ. ಇವತ್ತಿನ ವಿಷಯ ಟಿಲ್ಲರ್. ಹೌದು, ಪವರ್ ಟಿಲ್ಲರ್. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯವರಿಗೆ ಇದನ್ನ ಪರಿಚಯ ಮಾಡಿಕೊಡೋದೇ ಬೇಡ. ಮಾರ್ಗಶಿರ, ಪುಷ್ಯದ ಬೆಳಿಗ್ಗೆ ಮಂಜು ಇನ್ನೂ ತೋಟದ ಮೇಲೆ ಕೂತಿರುತ್ತೆ. ಆಚೆ ದಿಬ್ಬದಿಂದ ಟುಕ್ ಟುಕ್ ಟುಕ್ ಅಂತ ಸದ್ದು ಕೇಳುತ್ತೆ. ಹಿಂದೆ ಟ್ರೈಲರ್ ತುಂಬ ಹಸಿ ಅಡಿಕೆ ಕೊನೆ. ಆ ಟಿಲ್ಲರ್‌ಗೆ ಎಷ್ಟು ವರ್ಷ ಅಂತ ಕೇಳಿದರೆ ಕೆಲವು ಮನೆಗಳಲ್ಲಿ ಉತ್ತರ ಬರೋದು ಹೀಗೆ: "ನಂಗಿಂತ ದೊಡ್ಡದು."

ಒಂದು ವಿಷಯ ಗಮನಿಸಿ. ಈ ಯಂತ್ರ ಹುಟ್ಟಿದ್ದು ಚಳಿಗಾಲದಲ್ಲಿ ಅಡಿಕೆ ಹೊರೋದಕ್ಕಲ್ಲ. ಮಳೆಗಾಲದಲ್ಲಿ ಭತ್ತದ ಗದ್ದೆ ಉಳೋದಕ್ಕೆ. ಹಾಗಿದ್ದರೆ ಗದ್ದೆಗೆ ಬಂದ ಯಂತ್ರ ತೋಟಕ್ಕೆ ಹೋಗಿದ್ದು ಹೇಗೆ? ಮಳೆಗಾಲದ ಯಂತ್ರ ಚಳಿಗಾಲದ ಯಂತ್ರ ಆಗಿದ್ದು ಯಾವಾಗ? ಈ ಪ್ರಶ್ನೆಯ ಹಿಂದೆ ಹೋದರೆ ಮಲೆನಾಡಿನ ಐವತ್ತು ವರ್ಷದ ಕಥೆ ಸಿಗುತ್ತೆ. ಭೂಮಿ ಯಾರದ್ದಾಗಿತ್ತು, ಯಾರದ್ದಾಯಿತು, ಅದರಲ್ಲಿ ಏನು ಬೆಳೀತಿದ್ರು, ಈಗ ಏನು ಬೆಳೀತಾರೆ ಅನ್ನೋ ಕಥೆ.

ಅಮೆರಿಕದ ಹಿತ್ತಲು, ನಮ್ಮ ತೋಟ

ಅಮೆರಿಕದಲ್ಲಿ ಗಾರ್ಡನ್ ಟ್ರ್ಯಾಕ್ಟರ್ ಅಂತ ಒಂದಿದೆ. ನಾಲ್ಕು ಚಕ್ರದ ಪುಟ್ಟ ಟ್ರ್ಯಾಕ್ಟರ್. ಬೇಸಿಗೆಯಲ್ಲಿ ಮನೆ ಸುತ್ತಲಿನ ಹುಲ್ಲು ಕತ್ತರಿಸುತ್ತಾರೆ, ಚಳಿಗಾಲದಲ್ಲಿ ಮುಂದುಗಡೆ ಒಂದು ಹಲಗೆ ಕಟ್ಟಿ ದಾರಿ ಮೇಲೆ ಬಿದ್ದ ಹಿಮ ತಳ್ಳುತ್ತಾರೆ. ಐವತ್ತು ಅರವತ್ತು ವರ್ಷ ಹಳೆಯದನ್ನ ಹುಡುಕಿ ತಂದು, ಬಿಚ್ಚಿ, ಬಣ್ಣ ಹಚ್ಚಿ, ಮತ್ತೆ ಓಡಿಸೋ ಹವ್ಯಾಸ ಇರೋ ಜನ ಅಲ್ಲಿ ಬಹಳ.

ನಮ್ಮಲ್ಲಿ ಗಾರ್ಡನ್ ಅಂದರೆ ಅಡಿಕೆ ತೋಟ. ನಮ್ಮ ತೋಟದ ಟ್ರ್ಯಾಕ್ಟರ್ ಅಂದರೆ ಇದೇ ಟಿಲ್ಲರ್. ಎರಡು ಚಕ್ರ, ಮುಂದೆ ಒಂದೇ ಸಿಲಿಂಡರಿನ ಡೀಸೆಲ್ ಎಂಜಿನ್, ಹಿಂದೆ ತಿರುಗೋ ಕತ್ತಿಗಳ ರೋಟರಿ, ಉದ್ದನೆಯ ಎರಡು ಹ್ಯಾಂಡಲ್. ಉಳುವಾಗ ಹಿಡಿದುಕೊಂಡು ಹಿಂದೆ ನಡೀಬೇಕು. ಟ್ರೈಲರ್ ಕಟ್ಟಿದರೆ ಮೇಲೆ ಕೂತು ಹೋಗಬಹುದು. ನಮ್ಮವರು ಇದನ್ನ ರಿಪೇರಿ ಮಾಡೋದು ಹವ್ಯಾಸಕ್ಕಲ್ಲ. ಕೊನೆ ಕೊಯ್ಲಿಗೆ ಆಳು ಬಂದು ನಿಂತಾಗ ಗಾಡಿ ಸ್ಟಾರ್ಟ್ ಆಗಲೇಬೇಕು, ಅದಕ್ಕೆ.

ಹುಟ್ಟೂರು ಹಲವು, ಬೆಳೆದದ್ದು ಜಪಾನಿನಲ್ಲಿ

ನೇಗಿಲು ಮಣ್ಣನ್ನ ಸೀಳಿ ಮಗುಚುತ್ತೆ. ಅದರ ಬದಲು ತಿರುಗೋ ಕತ್ತಿಗಳಿಂದ ಮಣ್ಣನ್ನ ಪುಡಿ ಮಾಡಿದರೆ ಹೇಗೆ? ಈ ಯೋಚನೆ 20ನೇ ಶತಮಾನದ ಶುರುವಿನಲ್ಲಿ ಬೇರೆ ಬೇರೆ ಕಡೆ ಬೇರೆ ಬೇರೆಯವರಿಗೆ ಬಂತು. ಸ್ವಿಟ್ಜರ್ಲೆಂಡಿನಲ್ಲಿ ಕೊನ್ರಾಡ್ ಫಾನ್ ಮೆಯೆನ್‌ಬುರ್ಗ್, ಆಸ್ಟ್ರೇಲಿಯಾದಲ್ಲಿ ಆರ್ಥರ್ ಕ್ಲಿಫರ್ಡ್ ಹೋವರ್ಡ್. ಹೋವರ್ಡ್ 1912ರಲ್ಲಿ ಅಪ್ಪನ ಹೊಲದಲ್ಲೇ ಪ್ರಯೋಗ ಶುರು ಮಾಡಿದವನು. ಇವತ್ತು ನಾವು ರೋಟವೇಟರ್ ಅನ್ನೋ ಹೆಸರು ಬಂದದ್ದು ಅವನ ಯಂತ್ರದಿಂದ.

ಆದರೆ ಈ ಯಂತ್ರ ಮನೆಮನೆಗೂ ಹೋಗಿದ್ದು ಜಪಾನಿನಲ್ಲಿ. ಅಲ್ಲಿ ಯಾಕೆ? ಎರಡನೇ ಮಹಾಯುದ್ಧ ಮುಗಿದ ಮೇಲೆ, 1947ರಿಂದ 1950ರ ಆಸುಪಾಸಿನಲ್ಲಿ, ಜಪಾನಿನಲ್ಲಿ ದೊಡ್ಡ ಭೂಸುಧಾರಣೆ ಆಯಿತು. ಜಮೀನ್ದಾರರ ಭೂಮಿಯನ್ನ ಸರ್ಕಾರ ಕೊಂಡು ಗೇಣಿದಾರರಿಗೆ ಮಾರಿತು. ಲಕ್ಷಾಂತರ ಸಣ್ಣ ರೈತರು ಭೂಮಾಲೀಕರಾದರು. ಭೂಮಿ ಸ್ವಂತದ್ದು, ಆದರೆ ತುಂಡು ತುಂಡು. ಬೆಳೆ ಭತ್ತ, ಗದ್ದೆ ತುಂಬ ಕೆಸರು. ದೊಡ್ಡ ಟ್ರ್ಯಾಕ್ಟರ್ ಇಳಿಸಿದರೆ ತಿರುಗಿಸೋಕೂ ಜಾಗ ಇಲ್ಲ. ಅಂಥ ಗದ್ದೆಗೆ ಹೇಳಿ ಮಾಡಿಸಿದ ಹಾಗೆ ಬಂತು ಪವರ್ ಟಿಲ್ಲರ್. 1960ರ ದಶಕದ ನಡುವಿಗೆ ಜಪಾನಿನಲ್ಲಿ ಟಿಲ್ಲರ್‌ಗಳ ಸಂಖ್ಯೆ 20 ಲಕ್ಷ ದಾಟಿತ್ತು.

ಇದನ್ನ ನೆನಪಿಟ್ಟುಕೊಳ್ಳಿ: ಭೂಸುಧಾರಣೆ, ತುಂಡು ಗದ್ದೆ, ಭತ್ತ, ಕೆಸರು. ಇದೇ ನಾಲ್ಕು ಮಾತು ಮಲೆನಾಡಿನಲ್ಲೂ ಮತ್ತೆ ಬರುತ್ತೆ.

ವೈಟ್‌ಫೀಲ್ಡ್ ರಸ್ತೆಯಿಂದ ಘಟ್ಟದ ಊರಿಗೆ

ಭಾರತಕ್ಕೆ ಟಿಲ್ಲರ್ ಬಂದದ್ದು 1960ರ ದಶಕದಲ್ಲಿ. ಹಸಿರು ಕ್ರಾಂತಿಯ ಕಾಲ. ಜಪಾನಿನ ಕಂಪನಿಗಳ ಜೊತೆ ಸೇರಿ ಇಲ್ಲೇ ತಯಾರಿಸೋ ಕಾರ್ಖಾನೆಗಳು ಶುರುವಾದವು. ಅದರಲ್ಲಿ ಒಂದು ನಮ್ಮ ಬೆಂಗಳೂರಿನದೇ. 1911ರಿಂದ ವ್ಯಾಪಾರದಲ್ಲಿದ್ದ ವಿಎಸ್‌ಟಿ ಬಳಗ 1967ರಲ್ಲಿ ಮಿತ್ಸುಬಿಷಿ ಜೊತೆ ಸೇರಿ ಟಿಲ್ಲರ್ ಕಂಪನಿ ಕಟ್ಟಿತು. ಮಹದೇವಪುರದ ಹತ್ತಿರ, ವೈಟ್‌ಫೀಲ್ಡ್ ರಸ್ತೆಯಲ್ಲಿ. ಇವತ್ತು ಐಟಿ ಕಂಪನಿಗಳ ಕ್ಯಾಬ್‌ಗಳು ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಳ್ಳೋ ಅದೇ ರಸ್ತೆ. ಊರಲ್ಲಿ ಅಪ್ಪ ಟಿಲ್ಲರ್ ಹೊಡೀತಾ ಓದಿಸಿದ ಮಗಳು ಇವತ್ತು ಆ ಟಿಲ್ಲರಿನ ಹುಟ್ಟೂರಿನಲ್ಲೇ ಕೋಡ್ ಬರೀತಾ ಇರಬಹುದು. ಇನ್ನೊಂದು ಕಡೆ ಕೇರಳ ಸರ್ಕಾರ 1973ರಲ್ಲಿ ಎರ್ನಾಕುಲಂ ಜಿಲ್ಲೆಯ ಅತ್ತಾಣಿಯಲ್ಲಿ ಕ್ಯಾಮ್ಕೊ ಕಂಪನಿ ಶುರು ಮಾಡಿತು. ಅದಕ್ಕೆ ತಂತ್ರಜ್ಞಾನ ಕೊಟ್ಟದ್ದು ಕುಬೋಟಾ. ಹೀಗೆ ಮಲೆನಾಡಿಗೆ ಮೂಡಲಿಂದ ಮಿತ್ಸುಬಿಷಿ, ತೆಂಕಲಿಂದ ಕುಬೋಟಾ.

ಆದರೆ ಯಂತ್ರ ತಯಾರಾದರೆ ಸಾಕಾ? ಕೊಳ್ಳೋರು ಬೇಕಲ್ಲ. ಗೇಣಿ ಗದ್ದೆ ಮಾಡೋನು, ಮುಂದಿನ ವರ್ಷ ಒಡೆಯ ಬಿಡಿಸ್ತಾನೋ ಉಳಿಸ್ತಾನೋ ಗೊತ್ತಿಲ್ಲದೋನು, ಯಂತ್ರಕ್ಕೆ ಯಾಕೆ ದುಡ್ಡು ಹಾಕ್ತಾನೆ? ಬ್ಯಾಂಕು ಅವನಿಗೆ ಯಾವ ಆಧಾರದ ಮೇಲೆ ಸಾಲ ಕೊಡುತ್ತೆ?

ಇಲ್ಲಿ ಸಾಗರ ತಾಲ್ಲೂಕಿನ ಕಾಗೋಡಿಗೆ ಹೋಗಬೇಕು. 1951. ಗೇಣಿ ಭತ್ತ ಅಳೆಯೋ ಕೊಳಗದ ಗಾತ್ರದ ಜಗಳ ಅಲ್ಲಿ ಸತ್ಯಾಗ್ರಹ ಆಯಿತು. ಒಡೆಯರ ಕೊಳಗ ದೊಡ್ಡದು, ಗೇಣಿದಾರನ ಪಾಲು ಸಣ್ಣದು. ಎಚ್. ಗಣಪತಿಯಪ್ಪ ರೈತರನ್ನ ಸಂಘಟಿಸಿದರು, ರಾಮಮನೋಹರ ಲೋಹಿಯಾ ಸಾಗರಕ್ಕೆ ಬಂದು ಬಂಧನಕ್ಕೊಳಗಾದರು. ಸತ್ಯಾಗ್ರಹದಲ್ಲಿದ್ದ ಶಾಂತವೇರಿ ಗೋಪಾಲಗೌಡರು ಮರುವರ್ಷವೇ, 1952ರಲ್ಲಿ, ಸಾಗರ-ಹೊಸನಗರ ಕ್ಷೇತ್ರದಿಂದ ವಿಧಾನಸಭೆಗೆ ಹೋದರು. ಅಲ್ಲಿಂದ ಇಪ್ಪತ್ತು ವರ್ಷ ದಾಟಿದ ಮೇಲೆ, ದೇವರಾಜ ಅರಸರ ಸರ್ಕಾರದ ಭೂಸುಧಾರಣೆ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂತು. ಗೇಣಿ ಭೂಮಿ ಸರ್ಕಾರಕ್ಕೆ ಸೇರಿತು. ಉಳುತ್ತಿದ್ದವರು ಫಾರಂ ನಂಬರ್ 7 ತುಂಬಿಸಿ ಭೂ ನ್ಯಾಯಮಂಡಳಿ ಮುಂದೆ ನಿಂತರು. ಮಲೆನಾಡಿನ ಎಷ್ಟೋ ಮನೆಗಳ ಕಬ್ಬಿಣದ ಪೆಟ್ಟಿಗೆಯಲ್ಲಿ ಆ ಕಾಗದ ಇವತ್ತೂ ಇದೆ.

"ಉಳುವವನೇ ಒಡೆಯ" ಅನ್ನೋದು ಆ ಕಾಲದ ಘೋಷಣೆ. ಟಿಲ್ಲರ್ ಅನ್ನೋ ಇಂಗ್ಲಿಷ್ ಮಾತಿಗೂ ಉಳುವವ ಅಂತಲೇ ಅರ್ಥ. ಭೂಮಿ ಹೆಸರಿಗಾದ ಮೇಲೆ ಸಾಲಕ್ಕೆ ಆಧಾರ ಸಿಕ್ಕಿತು. ಮುಂದಿನ ವರ್ಷವೂ ಇದೇ ಗದ್ದೆ ನಂದೇ ಅನ್ನೋ ಧೈರ್ಯ ಬಂತು. ಯಂತ್ರ ಕೊಳ್ಳೋಕೆ ಇವೆರಡೂ ಬೇಕು. ಎಲ್ಲರೂ ಕೊಂಡರು ಅಂತ ಅಲ್ಲ. ಕೆಲವರು ಕೊಂಡರು, ಉಳಿದವರು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕರೆಸಿದರು. ಗೇಣಿಯೂ ಇಲ್ಲದೆ ಬರೀ ಕೂಲಿ ಮಾಡ್ತಿದ್ದವರಿಗೆ ಈ ಕಾನೂನಿನಿಂದ ಗದ್ದೆ ಸಿಗಲಿಲ್ಲ. ಟಿಲ್ಲರ್ ಬಂದ ಮೇಲೆ ಅವರ ಉಳುಮೆ ಕೂಲಿಯೂ ಕಮ್ಮಿಯಾಯಿತು. ಆ ಮಾತನ್ನೂ ಈ ಕಥೆಯಲ್ಲಿ ಹೇಳಲೇಬೇಕು.

ಟ್ರ್ಯಾಕ್ಟರ್ ಯಾಕೆ ಬರಲಿಲ್ಲ?

ಬಯಲುಸೀಮೆಯವರು ಕೇಳಬಹುದು, ನಮ್ಮೂರಲ್ಲಿ ಟ್ರ್ಯಾಕ್ಟರ್ ಇದೆಯಲ್ಲ, ನಿಮ್ಮಲ್ಲಿ ಯಾಕೆ ಟಿಲ್ಲರ್ ಅಂತ. ಮಲೆನಾಡಿನ ಗದ್ದೆ ನೋಡಿದರೆ ಉತ್ತರ ಸಿಗುತ್ತೆ. ಎರಡು ಗುಡ್ಡದ ನಡುವೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯೋ ಮಡಿಗಳು. ಒಂದು ಮಡಿಯಿಂದ ಇನ್ನೊಂದಕ್ಕೆ ಮೊಣಕಾಲೆತ್ತರದ, ಕೆಲವು ಕಡೆ ಸೊಂಟದೆತ್ತರದ ಅಂಚು. ನಡುವೆ ಹಳ್ಳ, ಹಳ್ಳಕ್ಕೊಂದು ಸಂಕ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆ, ಹೊಸನಗರ ತಾಲ್ಲೂಕಿನ ಹುಲಿಕಲ್ಲು, ಇವೆರಡೂ ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಬೀಳೋ ಜಾಗಗಳು. ಆಷಾಢದಲ್ಲಿ ಗದ್ದೆಗೆ ಭಾರದ ಟ್ರ್ಯಾಕ್ಟರ್ ಇಳಿಸಿದರೆ ಅದನ್ನ ಮೇಲೆತ್ತೋದೇ ಒಂದು ಕೆಲಸ.

ಮೊದಲು ಇಲ್ಲಿ ಉಳುತ್ತಿದ್ದದ್ದು ಎತ್ತು ಮತ್ತು ಕೋಣ. ನಮ್ಮ ಮಲೆನಾಡು ಗಿಡ್ಡ ಸಣ್ಣ ಜಾತಿಯ ದನ. ಗುಡ್ಡ ಹತ್ತೋಕೆ, ಮಳೆ ತಡೆಯೋಕೆ ಗಟ್ಟಿ, ಆದರೆ ಎಳೆಯೋ ಶಕ್ತಿಗೆ ಒಂದು ಮಿತಿ ಇದೆ. ಟಿಲ್ಲರ್ ಬಂದಾಗ ರಬ್ಬರ್ ಚಕ್ರ ಬಿಚ್ಚಿ ಕಬ್ಬಿಣದ ಚಕ್ರ ಹಾಕಿ ಕೆಸರಿಗೆ ಇಳಿಸಿದರು. ಇಬ್ಬರು ಮೂವರು ಸೇರಿ ಹಲಗೆ ಕೊಟ್ಟು ಅಂಚು ದಾಟಿಸಿದರು. ಆಯುಧಪೂಜೆ ದಿನ ಕತ್ತಿ, ಗುದ್ದಲಿ ಜೊತೆ ಟಿಲ್ಲರಿಗೂ ಕುಂಕುಮ, ಹೂವು ಬಿತ್ತು.

ಗದ್ದೆ ಹೋಯಿತು, ಟಿಲ್ಲರ್ ಉಳಿಯಿತು

ಈಗ ಕಥೆ ತಿರುಗುತ್ತೆ. ಭತ್ತಕ್ಕೆ ಖರ್ಚು ಏರಿತು, ಆಳು ಸಿಗೋದು ಕಷ್ಟ ಆಯಿತು, ಕಾಡುಪ್ರಾಣಿ ಕಾಟ ಬೇರೆ. ಅಡಿಕೆಗೆ ದರ ಇತ್ತು. 1939ರಲ್ಲೇ ಶುರುವಾದ ಮ್ಯಾಮ್ಕೋಸ್‌ನಂಥ ಸಹಕಾರಿ ಸಂಘಗಳಿಂದ ಮಾರುಕಟ್ಟೆಯ ದಾರಿಯೂ ಇತ್ತು. ಒಂದೊಂದೇ ಗದ್ದೆಗೆ ಬಸಿಗಾಲುವೆ ತೆಗೆದು, ಮಣ್ಣು ಏರಿಸಿ ಅಡಿಕೆ ಸಸಿ ನೆಟ್ಟರು. ಇವತ್ತು ಶಿವಮೊಗ್ಗ ಜಿಲ್ಲೆಯ ಯಾವ ರಸ್ತೆಯಲ್ಲಿ ಹೋದರೂ ಹಿಂದೆ ಗದ್ದೆ ಆಗಿದ್ದ ಜಾಗದಲ್ಲಿ ತೋಟ ಕಾಣುತ್ತೆ.

ಗದ್ದೆ ಇಲ್ಲ ಅಂದಮೇಲೆ ಟಿಲ್ಲರ್ ಮೂಲೆಗೆ ಹೋಗಬೇಕಿತ್ತು. ಹೋಗಲಿಲ್ಲ. ರೋಟರಿ ಬಿಚ್ಚಿ ಕೊಟ್ಟಿಗೆ ಗೋಡೆಗೆ ಒರಗಿಸಿದರು, ಟ್ರೈಲರ್ ಕಟ್ಟಿದರು. ಕೊನೆಗಾರ ಮರದ ಮೇಲಿಂದ ಇಳಿಸಿದ ಕೊನೆಯನ್ನ ತೋಟದಿಂದ ಅಂಗಳಕ್ಕೆ ತರೋದು, ಅಡಿಕೆ ಬೇಯಿಸೋ ಹಂಡೆಗೆ ಕಟ್ಟಿಗೆ ತರೋದು, ಸೊಪ್ಪಿನ ಬೆಟ್ಟದಿಂದ ಸೊಪ್ಪು, ದರಗು ತರೋದು, ತೋಟಕ್ಕೆ ಗೊಬ್ಬರ ಸಾಗಿಸೋದು. ಕರೆಂಟ್ ಇಲ್ಲದಾಗ ಎಂಜಿನ್ನಿಗೆ ಬೆಲ್ಟ್ ಹಾಕಿ ಪಂಪ್ ತಿರುಗಿಸೋದು. ಇದರಲ್ಲಿ ಬಹುಪಾಲು ಕೆಲಸ ಬರೋದು ದೀಪಾವಳಿಯಿಂದ ಶಿವರಾತ್ರಿ ಒಳಗೆ. ಹೀಗೆ ಆಷಾಢದ ಯಂತ್ರ ಪುಷ್ಯದ ಯಂತ್ರ ಆಯಿತು. ಮಲೆನಾಡು ಭತ್ತದಿಂದ ಅಡಿಕೆಗೆ ಹೊರಳಿದ್ದಕ್ಕೆ ಇದಕ್ಕಿಂತ ಒಳ್ಳೆ ಸಾಕ್ಷಿ ಬೇಕಾ?

ಆದರೆ ಹೊಸ ಕೆಲಸದಲ್ಲಿ ಹೊಸ ಅಪಾಯ ಇತ್ತು. ಟಿಲ್ಲರಿಗೆ ಸ್ಟೇರಿಂಗ್ ಚಕ್ರ ಇಲ್ಲ. ಎರಡೂ ಹ್ಯಾಂಡಲ್ಲಿಗೆ ಒಂದೊಂದು ಕ್ಲಚ್ ಇದೆ. ಸಮ ಜಾಗದಲ್ಲಿ ಎಡಗಡೆ ಕ್ಲಚ್ ಹಿಡಿದರೆ ಎಡಚಕ್ರಕ್ಕೆ ಶಕ್ತಿ ನಿಲ್ಲುತ್ತೆ, ಬಲಚಕ್ರ ತಳ್ಳುತ್ತೆ, ಗಾಡಿ ಎಡಕ್ಕೆ ತಿರುಗುತ್ತೆ. ಸರಿ. ಈಗ ತುಂಬಿದ ಟ್ರೈಲರ್ ಕಟ್ಟಿಕೊಂಡು ಇಳಿಜಾರಿನಲ್ಲಿ ಇಳೀತಾ ಇದ್ದೀರಿ ಅಂದುಕೊಳ್ಳಿ. ಈಗ ಎಂಜಿನ್ ಚಕ್ರಗಳನ್ನ ತಳ್ತಾ ಇಲ್ಲ, ತಡೀತಾ ಇದೆ. ಎಡ ಕ್ಲಚ್ ಹಿಡಿದರೆ ಎಡಚಕ್ರಕ್ಕಿದ್ದ ತಡೆ ಹೋಗುತ್ತೆ, ಅದು ಜೋರಾಗಿ ಉರುಳುತ್ತೆ, ಗಾಡಿ ಬಲಕ್ಕೆ ತಿರುಗುತ್ತೆ! ಸಮ ನೆಲದಲ್ಲಿ ಕಲಿತದ್ದು ಇಳಿಜಾರಲ್ಲಿ ತಲೆಕೆಳಗು. ಸಮತಟ್ಟಾದ ಗದ್ದೆಯಲ್ಲಿ ಇದು ಸಮಸ್ಯೆಯೇ ಅಲ್ಲ. ಒಂದು ಕಡೆ ದರೆ, ಇನ್ನೊಂದು ಕಡೆ ಹಳ್ಳ ಇರೋ ತೋಟದ ದಾರಿಯಲ್ಲಿ ಇದು ಜೀವದ ಪ್ರಶ್ನೆ. ಅದಕ್ಕೇ ಅನುಭವಸ್ಥರು ಇಳಿಜಾರು ಶುರುವಾಗೋ ಮುಂಚೆಯೇ ಸಣ್ಣ ಗೇರಿಗೆ ಹಾಕ್ತಾರೆ, ಕ್ಲಚ್ ಮುಟ್ಟದೆ ಹ್ಯಾಂಡಲ್ ಒತ್ತಿಯೇ ತಿರುಗಿಸ್ತಾರೆ, ಟ್ರೈಲರ್ ಬ್ರೇಕ್ ಮೇಲೆ ಕಾಲಿಟ್ಟಿರ್ತಾರೆ. ಹಳೇ ಟಿಲ್ಲರ್ ಎಬ್ಬಿಸೋ ಉತ್ಸಾಹ ಇರೋ ಹುಡುಗರು, ಹುಡುಗಿಯರು ಎಂಜಿನ್ನಿಗಿಂತ ಮೊದಲು ಆ ಟ್ರೈಲರ್ ಬ್ರೇಕ್ ನೋಡಿ.

ಚಳಿಗಾಲದ ಬೆಳಿಗ್ಗೆ ಒಂದು ಪರೀಕ್ಷೆ

ಈಗ ರಿಪೇರಿ ವಿಷಯಕ್ಕೆ ಬರೋಣ. ನಾಲ್ಕು ತಿಂಗಳು ಮಳೆ, ಕೊಟ್ಟಿಗೆಯ ಮೂಲೆ, ತೇವ. ಕಬ್ಬಿಣಕ್ಕೆ ಇದಕ್ಕಿಂತ ಕೆಟ್ಟ ಜಾಗ ಇಲ್ಲ. ಟ್ಯಾಂಕಿನ ತಳದಲ್ಲಿ ನೀರು ಕೂರುತ್ತೆ, ಪಿಸ್ಟನ್ ರಿಂಗ್ ತುಕ್ಕಿಗೆ ಅಂಟುತ್ತೆ, ಬೆಲ್ಟನ್ನ ಇಲಿ ಕಡಿದಿರುತ್ತೆ. ಮಳೆ ಬಿಟ್ಟು ಹವೆ ಒಣಗಿದ ಮೇಲೆ, ಕೊಯ್ಲು ಜೋರಾಗೋ ಮುಂಚೆ, ಒಂದಷ್ಟು ದಿನ ಸಿಗುತ್ತೆ. ಹಳೇ ಟಿಲ್ಲರ್ ಬಿಚ್ಚೋದು ಆಗಲೇ.

ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸೋ ಪ್ಲಗ್ ಇರೋದಿಲ್ಲ. ಪಿಸ್ಟನ್ ಗಾಳಿಯನ್ನ ಒತ್ತಿ ಒತ್ತಿ 500 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬಿಸಿ ಮಾಡುತ್ತೆ, ಆ ಬಿಸಿಗೆ ಡೀಸೆಲ್ ಹೊತ್ತಿಕೊಳ್ಳುತ್ತೆ. ಬೆಳಿಗ್ಗೆ ಚಳಿಗೆ ಎಂಜಿನ್ ತಣ್ಣಗಿದ್ದರೆ ಆ ಬಿಸಿಯಲ್ಲಿ ಒಂದು ಪಾಲನ್ನ ಕಬ್ಬಿಣವೇ ಹೀರಿಕೊಳ್ಳುತ್ತೆ. ಆಯಿಲ್ ದಪ್ಪ ಆಗಿರುತ್ತೆ, ಹ್ಯಾಂಡಲ್ ಜೋರಾಗಿ ತಿರುಗಲ್ಲ. ಆದರೂ ನಮ್ಮ ಚಳಿ ಹಿಮ ಬೀಳೋ ಚಳಿಯಲ್ಲ. ಆರೋಗ್ಯವಾಗಿರೋ ಎಂಜಿನ್ ಇದಕ್ಕೆ ಹೆದರಲ್ಲ. ಮಧ್ಯಾಹ್ನ ಸ್ಟಾರ್ಟ್ ಆಗಿ ಬೆಳಿಗ್ಗೆ ಹಟ ಮಾಡುತ್ತೆ ಅಂದರೆ ಮೊದಲ ಅನುಮಾನ ಸವೆದ ರಿಂಗು, ವಾಲ್ವು, ಸರಿಯಾಗಿ ಸಿಂಪಡಿಸದ ನಾಝಲ್ ಮೇಲೆ ಬರಬೇಕು. ಅಂದರೆ ಚಳಿ ರೋಗ ತರೋದಿಲ್ಲ, ಇರೋ ರೋಗವನ್ನ ತೋರಿಸುತ್ತೆ.

ಕೆಲಸದ ಕ್ರಮ ಹೀಗೆ. ಮೊದಲು ಟ್ಯಾಂಕ್ ಖಾಲಿ ಮಾಡಿ ತೊಳೆಯಿರಿ, ಫಿಲ್ಟರ್ ಬದಲಿಸಿ. ಹಳೇ ಆಯಿಲ್ ತೆಗೆಯಿರಿ; ಅದು ಹಾಲು ಬೆರೆತ ಹಾಗೆ ಬೆಳ್ಳಗಿದ್ದರೆ ನೀರು ಸೇರಿದೆ ಅಂತ ಅರ್ಥ. ಪಿಸ್ಟನ್ ಹಿಡಿದುಕೊಂಡಿದ್ದರೆ ಸುತ್ತಿಗೆ ಎತ್ತಬೇಡಿ. ಸಿಲಿಂಡರಿಗೆ ಸ್ವಲ್ಪ ಡೀಸೆಲ್ ಬಿಟ್ಟು ಒಂದೆರಡು ದಿನ ನೆನೆಯೋಕೆ ಬಿಡಿ, ಆಮೇಲೆ ಹಗುರವಾಗಿ ತಿರುಗಿಸಿ ನೋಡಿ. ಬಿಟ್ಟ ಮೇಲೆ ಒಳಗಿರೋ ಡೀಸೆಲ್ ಹೊರಹೋಗಿ ಹೊಸ ಆಯಿಲ್ ಬಿದ್ದ ನಂತರವೇ ಸ್ಟಾರ್ಟಿನ ಮಾತು. ಡೀಸೆಲ್ ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡಿದ್ದರೆ ಎಷ್ಟು ತಿರುಗಿಸಿದರೂ ಪ್ರಯೋಜನ ಇಲ್ಲ, ಗುಳ್ಳೆ ನಿಲ್ಲೋ ತನಕ ಗಾಳಿ ಬಿಡಬೇಕು.

ಸ್ಟಾರ್ಟ್ ಮಾಡುವಾಗ ಡಿಕಂಪ್ರೆಶನ್ ಲಿವರ್ ಒತ್ತಿಹಿಡಿದು ಹ್ಯಾಂಡಲ್ ತಿರುಗಿಸಿ, ವೇಗ ಬಂದ ಮೇಲೆ ಲಿವರ್ ಬಿಡಬೇಕು. ಹೆಬ್ಬೆರಳು ಉಳಿದ ಬೆರಳುಗಳ ಪಕ್ಕದಲ್ಲೇ ಇರಲಿ, ಹ್ಯಾಂಡಲನ್ನ ಸುತ್ತಿ ಹಿಡಿಯಬೇಡಿ. ಎಂಜಿನ್ ಹಿಂದಕ್ಕೆ ಒದ್ದರೆ ಕೈ ಮುರಿಯುತ್ತೆ. ಬಚ್ಚಲ ಹಂಡೆಯಿಂದ ಬೆಚ್ಚಗಿನ ನೀರು ತಂದು ರೇಡಿಯೇಟರಿಗೆ ಹಾಕೋ ಹಳೇ ಉಪಾಯ ಕೆಲಸ ಮಾಡುತ್ತೆ, ಆದರೆ ಕುದಿಯೋ ನೀರು ಬೇಡ, ತಣ್ಣಗಿನ ಕಬ್ಬಿಣ ಬಿರುಕು ಬಿಡಬಹುದು. ಗಾಳಿ ಎಳೆಯೋ ಬಾಯಿಗೆ ಬಟ್ಟೆ ಸುತ್ತಿ ಬೆಂಕಿ ಹಿಡಿಯೋದಂತೂ ಬೇಡವೇ ಬೇಡ. ಮತ್ತೆ, ಚಳಿ ಅಂತ ಕೊಟ್ಟಿಗೆ ಬಾಗಿಲು ಹಾಕಿಕೊಂಡು ಎಂಜಿನ್ ಓಡಿಸಬೇಡಿ. ಹೊಗೆಯಲ್ಲಿರೋ ವಿಷಗಾಳಿಗೆ ವಾಸನೆ ಇರೋದಿಲ್ಲ.

ಉಳಿಸೋದಾ, ಗುಜರಿಗಾ?

ಈಗ ನಿಜವಾದ ಪ್ರಶ್ನೆ. ಇಷ್ಟೆಲ್ಲ ಯಾಕೆ? ಹೊಸ ಟಿಲ್ಲರಿಗೆ ಕೃಷಿ ಇಲಾಖೆಯ ಸಬ್ಸಿಡಿ ಇದೆ. ಮಿನಿ ಟ್ರ್ಯಾಕ್ಟರ್ ಇದೆ, ಪಿಕಪ್ ಇದೆ. ಹಳೇದನ್ನ ತೂಕಕ್ಕೆ ಹಾಕಿದರೆ ಜಾಗವಾದರೂ ಖಾಲಿಯಾಗುತ್ತೆ. ಈ ವಾದ ತಪ್ಪಲ್ಲ. ಗೇರ್ ಬಾಕ್ಸ್ ಒಡೆದಿದೆ, ಬ್ಲಾಕ್ ಸೀಳಿದೆ, ಬ್ರೇಕ್ ನಿಲ್ಲಲ್ಲ ಅನ್ನೋ ಗಾಡಿಯನ್ನ ಹಳೇದು ಅನ್ನೋ ಪ್ರೀತಿಗೆ ಇಳಿಜಾರಿಗೆ ತರೋದು ಬುದ್ಧಿವಂತಿಕೆ ಅಲ್ಲ.

ಆದರೆ ಎಂಜಿನ್ ಗಟ್ಟಿ ಇದ್ದು, ಲೈನರ್, ಪಿಸ್ಟನ್, ರಿಂಗ್, ಬೆಲ್ಟ್ ಬದಲಿಸಿದರೆ ಓಡುತ್ತೆ ಅಂದರೆ ಲೆಕ್ಕ ಬೇರೆ. ಎರಡು ಎಕರೆ ತೋಟದವರಿಗೆ ವರ್ಷದಲ್ಲಿ ಮೂರು ತಿಂಗಳ ಸಾಗಾಟಕ್ಕೆ ಹೊಸ ಸಾಲ ಬೇಕಾ ಅಂತ ಯೋಚಿಸಬೇಕು. ಇನ್ನೊಂದು ಮಾತಿದೆ. ಈ ಎಂಜಿನ್ನಿನಲ್ಲಿ ಸೆನ್ಸರ್ ಇಲ್ಲ, ಲ್ಯಾಪ್‌ಟಾಪ್ ಹಚ್ಚೋದು ಬೇಕಿಲ್ಲ. ಪೇಟೆಯ ಸಣ್ಣ ಗ್ಯಾರೇಜಿನಲ್ಲಿ, ಸದ್ದು ಕೇಳಿಯೇ ಎಲ್ಲಿ ಸವೆದಿದೆ ಅಂತ ಹೇಳೋ ಮೆಕ್ಯಾನಿಕ್ ಇದನ್ನ ಬಿಚ್ಚಿ ಕೂರಿಸಬಲ್ಲ. ಅಂಥವರಿಗೆ ವಯಸ್ಸಾಗ್ತಾ ಇದೆ. ಅವರ ಕಿವಿಯಲ್ಲಿರೋ ವಿದ್ಯೆ ಯಾವ ಪುಸ್ತಕದಲ್ಲೂ ಇಲ್ಲ. ಹಳೇ ಟಿಲ್ಲರ್ ಗ್ಯಾರೇಜಿಗೆ ಹೋಗ್ತಾ ಇರೋ ತನಕ ಆ ವಿದ್ಯೆ ಹುಡುಗರಿಗೆ ದಾಟುತ್ತೆ.

ಗುಜರಿಗೇ ಹಾಕಬೇಕು ಅಂತ ತೀರ್ಮಾನ ಆಯಿತಾ? ಆಗಲಿ. ಅದಕ್ಕೂ ಮುಂಚೆ ಒಂದು ಗಂಟೆ ಕೊಡಿ. ಕಂಪನಿ ತಗಡಿನ ಮೇಲಿರೋ ಹೆಸರು, ನಂಬರಿನ ಫೋಟೊ ತೆಗೀರಿ. ಪೆಟ್ಟಿಗೆಯಲ್ಲಿ ಕೊಂಡಾಗಿನ ಬಿಲ್ಲು, ಬ್ಯಾಂಕಿನ ಸಾಲದ ಕಾಗದ ಇದೆಯಾ ನೋಡಿ. ಅಜ್ಜನ ಹತ್ತಿರ, ಇಲ್ಲ ಅಪ್ಪಯ್ಯನ ಹತ್ತಿರ ಕೂತು ಫೋನಿನಲ್ಲಿ ರೆಕಾರ್ಡ್ ಒತ್ತಿ ಕೇಳಿ: ಯಾವ ವರ್ಷ ತಂದ್ರಿ, ದುಡ್ಡು ಹೇಗೆ ಹೊಂದಿಸಿದ್ರಿ, ಅದಕ್ಕೂ ಮೊದಲು ಯಾರ ಜೋಡಿ ಎತ್ತು ತರ್ತಿದ್ರಿ, ಮೊದಲು ಉತ್ತ ಗದ್ದೆ ಯಾವುದು, ಈಗ ಅಲ್ಲಿ ಏನಿದೆ. ಅಮ್ಮನ ಹತ್ತಿರ, ಅಜ್ಜಿ ಹತ್ತಿರ ಬೇರೆ ಕೇಳಿ. ಟಿಲ್ಲರ್ ಬಂದ ಮೇಲೆ ಅವರ ಕೆಲಸ ಕಮ್ಮಿ ಆಯಿತಾ, ಇಲ್ಲ ಗಂಡಸರದ್ದು ಮಾತ್ರ ಕಮ್ಮಿ ಆಯಿತಾ ಅಂತ. ಉತ್ತರ ಒಂದೇ ಇರಲಿಕ್ಕಿಲ್ಲ.

ಕಾಗೋಡಿನ ಸತ್ಯಾಗ್ರಹ ಪುಸ್ತಕಗಳಲ್ಲಿದೆ, 1974ರ ಕಾನೂನು ಸರ್ಕಾರದ ಕಡತದಲ್ಲಿದೆ. ಆ ಭೂಮಿ ಕೈಗೆ ಬಂದ ಮೇಲೆ ಮನೆಯವರು ಏನು ಮಾಡಿದರು ಅನ್ನೋದು ಮಾತ್ರ ಬಹುಪಾಲು ಎಲ್ಲೂ ಬರೆದಿಲ್ಲ. ಅದರ ಒಂದು ಪುಟ ನಿಮ್ಮ ಕೊಟ್ಟಿಗೆಯಲ್ಲೇ ಇರಬಹುದು. ಈ ಸಲ ಎಳ್ಳಮಾವಾಸ್ಯೆ ಜಾತ್ರೆಗೆ ತೀರ್ಥಹಳ್ಳಿಗೆ ಹೋಗೋರು, ಕೊಯ್ಲಿಗೆ ಅಂತ ರಜೆ ಹಾಕಿ ಊರಿಗೆ ಬರೋರು, ಒಮ್ಮೆ ಆ ತಾಡಪಾಲು ಸರಿಸಿ ನೋಡಿ.

ಇವತ್ತಿಗೆ ಇಷ್ಟು.